ದೊರೆ ಎತ್ತಿದ ಎಲೆ

"ಗುರುಗಳೇ, ಹೊಗಳಿದವರ ಉಪಕಾರ ನೆನೆಯೋದು ಸುಲಭ. ಬೈದವರ ಉಪಕಾರವನ್ನೂ ನೆನೆಯಬೇಕೇ?" ಎಂದು ಶಿಷ್ಯ ಕೇಳಿದ. ಬೆಳಿಗ್ಗೆ ಮಠದ ಅಡುಗೆಯ ನೀಲಮ್ಮನ ಕೈಯಲ್ಲಿ ಬೈಸಿಕೊಂಡಿದ್ದ. ಮುಖ ಇನ್ನೂ ಊದಿಕೊಂಡೇ ಇತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ದೊರೆ. ಪಕ್ಕದ ರಾಜ್ಯದವರು ಅವನ ಗಡಿಯಲ್ಲಿ ದಂಡು ತಂದು ನಿಲ್ಲಿಸಿದ್ದರು. ಅವರ ರಾಯಭಾರಿ ಮಾತುಕತೆಗೆ ಬರುತ್ತಾನೆ ಅಂತ ಸುದ್ದಿ ಬಂತು. ಬರುವವನು ಮಾತಿನ ಜೊತೆ ವಿಷವನ್ನೋ ಕತ್ತಿಯನ್ನೋ ತಂದರೆ? ಮಂತ್ರಿ ಯೋಚಿಸಿದ. ಊರಾಚೆ ಬುಟ್ಟಿ ಹೆಣೆಯುವವನೊಬ್ಬ ದೊರೆಯ ಪಡಿಯಚ್ಚಿನಂತಿದ್ದ. ಹೊಟ್ಟೆಯೊಂದು ಕಮ್ಮಿ, ಅದಕ್ಕೆ ದಿಂಬು ಕಟ್ಟಿದರಾಯಿತು. ಅವನನ್ನು ಸಿಂಹಾಸನದ ಮೇಲೆ ಕೂರಿಸಿ, ದೊರೆಯನ್ನು ಅವನ ಗುಡಿಸಲಿಗೆ ಕಳಿಸಿದರು.

ಗುಡಿಸಲಲ್ಲಿ ಇದ್ದವಳು ಬುಟ್ಟಿಯವನ ಮುದಿ ತಾಯಿ. ಅವಳಿಗೆ ವಿಷಯವೆಲ್ಲ ಗೊತ್ತಿತ್ತು. ಮುತ್ತುಗದ ಎಲೆ ಹಾಕಿ ಮುದ್ದೆ ಬಡಿಸಿದಳು. ದೊರೆ ಉಂಡ, ತೇಗಿದ, ಎದ್ದು ಹೊರಟ. ಎಲೆ ನೆಲದ ಮೇಲೇ ಉಳಿಯಿತು.

"ಏಯ್, ಎಲೆ ಎತ್ತೋಕೆ ನಿಮ್ಮ ತಾತ ಬರ್ತಾನಾ?"

ಹುಟ್ಟಿದಂದಿನಿಂದ ಇಂಥ ಮಾತು ದೊರೆಯ ಕಿವಿಗೆ ಬಿದ್ದಿರಲಿಲ್ಲ. ತಾತ ದಿಗ್ವಿಜಯ ಮಾಡಿದವನು ಬೇರೆ. "ಅವ್ವಾ, ನಾನು ಈ ನಾಡಿನ ದೊರೆ" ಅಂದ.

"ಇರಬಹುದು. ನಿನ್ನ ಎಲೆಗೆ ವಿಷ ಬಿದ್ದರೆ ಉಣ್ಣಲಿ ಅಂತ ನನ್ನ ಮಗನ್ನ ಅಲ್ಲಿ ಕೂರಿಸಿದ್ದೀಯ. ಅವನ ಜಾಗದಲ್ಲಿ ಕೂತು ಉಂಡೆಯಲ್ಲ, ಒಂದು ಎಲೆ ಎತ್ತೋಕಾಗಲ್ವಾ?"

ದೊರೆ ಹಿಂತಿರುಗಿ ಬಂದ. ಬಗ್ಗಿ ಎಲೆ ಎತ್ತಿದ. ಸಾರು ಮೊಣಕೈವರೆಗೂ ಹರಿಯಿತು. ಮಡಿಸಿ ಎತ್ತಬೇಕು ಅಂತ ಮುದುಕಿ ಅದಕ್ಕೂ ಬೈದಳು. ಅವಳಿಗೆ ಸೊಂಟ ಬಗ್ಗದು. ಮಾರನೆಯ ದಿನದಿಂದ ಅವಳ ಎಲೆಯೂ ಇವನ ಪಾಲಿಗೇ ಬಂತು. ಸಂಜೆಯಾದರೆ ಮುದುಕಿ ಬಾಗಿಲಲ್ಲಿ ಕೂತು ಅರಮನೆಯ ಕಡೆ ನೋಡುವಳು. ಆಗ ಮಾತ್ರ ಬೈಯುತ್ತಿರಲಿಲ್ಲ. ಬೈದಿದ್ದರೇ ವಾಸಿ ಅಂತ ದೊರೆಗೆ ಅನಿಸುತ್ತಿತ್ತು.

ಅತ್ತ ಅರಮನೆಗೆ ರಾಯಭಾರಿ ಬಂದ. ಬಾಯಿ ಬಿಡಬೇಡ ಅಂತ ಮಂತ್ರಿ ಬುಟ್ಟಿಯವನಿಗೆ ಹೇಳಿದ್ದ; ಕೈಯ ವಿಷಯ ಹೇಳಲು ಮರೆತಿದ್ದ. ಉಂಡವನೇ ಬುಟ್ಟಿಯವನು ತನ್ನ ಎಲೆ ಎತ್ತಿದ. ಮನೆಗೆ ಬಂದ ಅತಿಥಿ ಅಂತ ರಾಯಭಾರಿಯ ಎಲೆಯನ್ನೂ ಎತ್ತಿದ. ಮಂತ್ರಿಗೆ ನೆತ್ತಿ ಹತ್ತಿತು. ಅಂದಿನಿಂದ ಬುಟ್ಟಿಯವನ ಬೆನ್ನ ಹಿಂದೆ ಎಲೆ ಎತ್ತಲೆಂದೇ ಇಬ್ಬರು ಆಳುಗಳು ನಿಂತರು.

ರಾಯಭಾರಿ ವಾಪಸು ಹೋಗಿ ತನ್ನ ಅರಸನಿಗೆ ಹೇಳಿದ: "ಬೆದರಿಸಲು ಹೋದ ನನ್ನ ಎಂಜಲೆಲೆ ಎತ್ತಿದ ಮಹಾರಾಯ. ಅವನ ಮೇಲೆ ಯಾವ ಮುಖ ಇಟ್ಟುಕೊಂಡು ಕತ್ತಿ ಎತ್ತೋಣ?"

ಅರಸ ನಂಬಲಿಲ್ಲ. "ನಾನೇ ಹೋಗಿ ಉಂಡು ನೋಡುತ್ತೇನೆ. ನಿಜವಾದರೆ ಸ್ನೇಹ, ನಾಟಕವಾದರೆ ಯುದ್ಧ" ಅಂತ ಹೊರಟ.

ಈ ಅರಸ ಚಿಕ್ಕಂದಿನಲ್ಲಿ ದೊರೆಯ ಜೊತೆ ಕುಸ್ತಿ ಆಡಿದವನು. ಅವನ ಮುಂದೆ ದಿಂಬಿನ ಹೊಟ್ಟೆ ನಡೆಯದು. ಅವಸರದಲ್ಲಿ ದೊರೆಯನ್ನು ಗುಡಿಸಲಿನಿಂದ ಕರೆಸಿದರು. ಬರುವಷ್ಟರಲ್ಲಿ ಬಡಿಸಿಯಾಗಿತ್ತು. ಮಂತ್ರಿ ಆಳುಗಳನ್ನೇನೋ ಹೊರಗೆ ಕಳಿಸಿದ. ಎಲೆಯ ಸಂಗತಿ ದೊರೆಯ ಕಿವಿಗೆ ಹಾಕಲು ಆಗಲಿಲ್ಲ. ಕೆಮ್ಮಿದ, ಕಣ್ಣು ಮಿಟುಕಿಸಿದ. ದೊರೆ ಅವನಿಗೆ ನೀರು ಕೊಡಿಸಿದ.

ಊಟ ಮುಗಿಯಿತು. ದೊರೆ ಎದ್ದ. ಮುದುಕಿಗೆ ಇವತ್ತು ಯಾರು ಎಲೆ ಎತ್ತುತ್ತಾರೋ ಅಂತ ಯೋಚಿಸುತ್ತ, ಬಗ್ಗಿ ತನ್ನ ಎಲೆ ಮಡಿಸಿ ಎತ್ತಿದ. ಪಕ್ಕದಲ್ಲಿ ಉಂಡಿದ್ದ ಅರಸನ ಎಲೆಯನ್ನೂ ಎತ್ತಿದ. ಸಾರು ಒಂದು ಹನಿಯೂ ಚೆಲ್ಲಲಿಲ್ಲ. ಅರಸ ಬಂದು ಆ ಎಂಜಲು ಕೈಯನ್ನೇ ಹಿಡಿದುಕೊಂಡ. ಗಡಿಯ ದಂಡು ಮನೆಗೆ ಹೋಯಿತು.

ಬುಟ್ಟಿಯವನೂ ಮನೆಗೆ ಹೋದ. ಕೆಲವು ದಿನ ಬಿಟ್ಟು ದೊರೆ ಗುಡಿಸಲಿಗೆ ನಡೆದುಕೊಂಡೇ ಬಂದು ಮುದುಕಿಯ ಕಾಲಿಗೆ ಬಿದ್ದ. "ಅವ್ವಾ, ನಿನ್ನ ಬೈಗುಳದಿಂದ ನಾಡು ಉಳಿಯಿತು. ನಿನ್ನ ಮಗ ಜೀವಂತ ಬಂದ. ಎರಡೂ ನನ್ನ ಪುಣ್ಯ."

"ಅದಿರಲಿ ಮಗಾ" ಅಂದಳು ಮುದುಕಿ. "ನಿನ್ನ ಅರಮನೆಯಿಂದ ಬಂದಾಗಿನಿಂದ ಇವನು ಎಲೆ ಎತ್ತೋದೇ ಮರೆತಿದ್ದಾನೆ. ನೀನೇ ಒಂದಿಷ್ಟು ಬೈದು ಹೋಗು."

ಶಿಷ್ಯ ಗೊಳ್ಳೆಂದು ನಕ್ಕ.

ಗುರುಗಳು ಅಂದರು: "ನಗೋದು ಆಮೇಲಾಗಲಿ, ನಿನ್ನ ಬೆಳಗಿನ ಎಲೆ ಇನ್ನೂ ಊಟದ ಮನೆಯಲ್ಲೇ ಇದೆ."