ಹಿಂದಕ್ಕೆ ನಡೆಯದ ಎತ್ತುಗಳು

"ಸ್ವಾಮಿ, ನನ್ನದೆಲ್ಲವನ್ನೂ ದೇವರಿಗೆ ಒಪ್ಪಿಸಿದ್ದೇನೆ. ಆದರೂ ನನ್ನ ಮನಸ್ಸು ಯಾಕೆ ಹೀಗೆ ಜಗ್ಗಾಡುತ್ತದೆ?" ಎಂದು ಇನ್ನಾಸಪ್ಪ ಕೇಳಿದ.

ಅವನು ಕ್ರೈಸ್ತ ಮಠಕ್ಕೆ ಸೇರಿದ ಹೊಸಬ. ಬರುವ ಭಾನುವಾರ ವ್ರತ ಸ್ವೀಕರಿಸಿ ತನ್ನ ಬದುಕನ್ನು ದೇವರ ಸೇವೆಗೆ ಮುಡಿಪಿಡುವವನಿದ್ದ. ಅವನಿಗೆ ಒಳ್ಳೆಯ ಕಂಠವಿತ್ತು. ಪಟ್ಟಣದ ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸಬೇಕೆಂಬುದು ಅವನ ಆಸೆ. ಆದರೆ ಮಠದ ಹಿರಿಯರು ಅವನನ್ನು ಹೊಳೆಯಾಚೆಯ ರೋಗಿಗಳ ಆರೈಕೆಗೆ ನೇಮಿಸಿದ್ದರು.

ಗುರು ರಾಯಪ್ಪಸ್ವಾಮಿಗಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಅವರು ತಲೆ ಎತ್ತಲಿಲ್ಲ.

"ಪ್ರಾರ್ಥನೆಗೆ ಕೂತಾಗ ಏನು ಹೇಳುತ್ತೀಯ?"

"ಹಾಡು ಕಲಿಸುವುದಕ್ಕೇ ಕಳುಹಿಸು ಎಂದು ಬೇಡಿಕೊಳ್ಳುತ್ತೇನೆ. ಯಾಕೆ ಕಳುಹಿಸಬೇಕು ಎಂಬುದನ್ನೂ ವಿವರಿಸುತ್ತೇನೆ."

"ದೇವರು ಏನು ಹೇಳುತ್ತಾನೆ?"

ಇನ್ನಾಸಪ್ಪ ಯೋಚಿಸಿದ. "ಅಷ್ಟರಲ್ಲಿ ಗಂಟೆ ಹೊಡೆದುಬಿಡುತ್ತದೆ, ಸ್ವಾಮಿ."

ಗುರುಗಳು ನಕ್ಕರು. ಅವರೆಕಾಯಿಯ ಮೊರವನ್ನು ಅವನ ಕಡೆಗೆ ಸರಿಸಿದರು. "ಕೂತು ಸುಲಿ. ಒಂದು ಕತೆ ಹೇಳುತ್ತೇನೆ" ಎಂದರು.

ಒಬ್ಬ ರೈತನಿದ್ದ. ಅವನ ಬಾವಿಗೆ ಕಪಿಲೆ ಕಟ್ಟಿತ್ತು. ಕಪಿಲೆಯ ಕೆಲಸ ನಿನಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ ಕೇಳು. ಬಾವಿಯ ಪಕ್ಕದಲ್ಲಿ ಒಂದು ಇಳಿಜಾರು. ಎತ್ತುಗಳು ರಾಟೆಯ ಮೇಲಿನ ಹಗ್ಗ ಎಳೆಯುತ್ತಾ ಅದನ್ನು ಇಳಿದರೆ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತದೆ. ನೀರು ಕಾಲುವೆಗೆ ಬಿದ್ದಮೇಲೆ ಎತ್ತುಗಳು ತಿರುಗುವುದಿಲ್ಲ. ಬಂದ ದಾರಿಯಲ್ಲೇ ಹಿಂದಹಿಂದಕ್ಕೆ ಹೆಜ್ಜೆ ಇಡುತ್ತಾ ಮೇಲೇರಬೇಕು; ಆಗಲೇ ಚೀಲ ಮತ್ತೆ ಬಾವಿಗೆ ಇಳಿಯುವುದು. ಬೆನ್ನ ಹಿಂದೆ ಇರುವುದು ಬಾವಿ. ಅದು ಅವುಗಳ ಕಣ್ಣಿಗೆ ಕಾಣುವುದಿಲ್ಲ. ಮುಂದಕ್ಕೆ ಯಾರು ಹೊಡೆದರೂ ನಡೆಯುತ್ತವೆ. ಹಿಂದಕ್ಕೆ ನಡೆಯಬೇಕಾದರೆ ನಂಬಿದ ದನಿ ಬೇಕು. ಅದಕ್ಕೇ ಕಪಿಲೆ ಹೊಡೆಯುವವನು ಹಾಡುತ್ತಾನೆ.

ಈ ರೈತನ ಹಾಡು ಅವನ ಅಪ್ಪ ಕಟ್ಟಿದ್ದು. ಪ್ರತಿ ಸಾಲಿನ ಕೊನೆಗೆ ಎತ್ತುಗಳ ಹೆಸರು ಬರುತ್ತಿತ್ತು. ಎತ್ತು ಬದಲಾದರೆ ಹೆಸರು ಬದಲಾಗುತ್ತಿತ್ತು, ರಾಗ ಬದಲಾಗುತ್ತಿರಲಿಲ್ಲ. ಅಪ್ಪ ತೀರಿಹೋಗಿದ್ದ. ಹಾಡುವಾಗ ಮಾತ್ರ ಅವನು ಬೆನ್ನ ಹಿಂದೆ ನಿಂತಿದ್ದಾನೆಂದು ರೈತನಿಗೆ ಅನಿಸುತ್ತಿತ್ತು. ಈಗಿನ ಎತ್ತುಗಳು ಕೆಂದ ಮತ್ತು ಮೈಲ. ಅಂಥ ಜೋಡಿ ಸುತ್ತಮುತ್ತ ಇರಲಿಲ್ಲ.

ಒಂದು ವರ್ಷ ಅವನ ಹೆಂಡತಿ ಹಾಸಿಗೆ ಹಿಡಿದಳು. ಊರಾಚೆ ದಿಕ್ಕಿಲ್ಲದ ಮುದುಕರಿಗಾಗಿ ಸಿಸ್ಟರುಗಳು ನಡೆಸುವ ಒಂದು ಆಶ್ರಮವಿತ್ತು. ಸಿಸ್ಟರುಗಳು ಅವಳನ್ನು ಅಲ್ಲಿಟ್ಟುಕೊಂಡು ಆರೈಕೆ ಮಾಡಿದರು. 'ಇವಳು ಎದ್ದು ಕೂತರೆ ನನ್ನಲ್ಲಿರುವ ಒಳ್ಳೆಯದನ್ನು ನಿನಗೆ ಕೊಡುತ್ತೇನೆ' ಎಂದು ರೈತ ದೇವರಿಗೆ ಹರಕೆ ಹೊತ್ತ. ಅವಳು ಎದ್ದು ಕೂತಳು. ಎದ್ದವಳೇ, "ನಮ್ಮಲ್ಲಿ ಒಳ್ಳೇದು ಅಂದ್ರೆ ಜೋಡೆತ್ತು. ಆ ಕುಂಟು ಹಸು ಹೊಡ್ಕೊಂಡು ಹೋಗಿ ನನ್ನ ಮರ್ಯಾದೆ ತೆಗೀಬೇಡಿ" ಎಂದಳು.

ರೈತ ಎತ್ತುಗಳ ಮೈ ತೊಳೆದ, ಕೊಂಬಿಗೆ ಬಣ್ಣ ಹಚ್ಚಿದ, ಚರ್ಚಿನ ಮುಂದೆ ನಿಲ್ಲಿಸಿದ. ಪಾದ್ರಿಗಳು ತೀರ್ಥ ಚಿಮುಕಿಸಿ, "ಇನ್ನು ಇವು ದೇವರವು" ಎಂದರು. ಅವನು ಮನಸಾರೆ ಕೈಮುಗಿದ. ಎತ್ತುಗಳು ಆಶ್ರಮದ ಕಪಿಲೆಗೆ ಹೋದವು. ಮುದುಕರು ಉಣ್ಣುವ ಸೊಪ್ಪು ತರಕಾರಿಯೆಲ್ಲ ಆ ಬಾವಿಯ ನೀರಿನಿಂದ ಬೆಳೆಯಬೇಕಿತ್ತು.

ಮರುದಿನ ಬೆಳಿಗ್ಗೆ ತೋಟ ನೋಡಿಕೊಳ್ಳುವ ಸಿಸ್ಟರು ಎತ್ತು ಹೂಡಿದರು. ಕೆಂದ ಮೈಲ ಎರಡೂ ಗಂಭೀರವಾಗಿ ಇಳಿಜಾರು ಇಳಿದವು. ನೀರು ಬಂತು. ಆಮೇಲೆ ಅಲ್ಲೇ ನಿಂತವು. ಸಿಸ್ಟರು 'ಹಿಂದೆ' ಎಂದರು, 'ಬಾರಪ್ಪ' ಎಂದರು, ಕಡೆಗೆ ತಮಗೆ ಬರುತ್ತಿದ್ದ ಒಂದು ಭಜನೆಯನ್ನೂ ಹಾಡಿದರು. ಎತ್ತುಗಳು ಭಜನೆ ಪೂರ್ತಿ ಕೇಳಿಸಿಕೊಂಡವು. ಒಂದು ಹೆಜ್ಜೆಯನ್ನೂ ಇಡಲಿಲ್ಲ.

ರೈತನಿಗೆ ಸುದ್ದಿ ಹೋಯಿತು. ಅವನು ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಓಡಿಬಂದ, ಎತ್ತುಗಳ ಪಕ್ಕ ನಿಂತ, ಹಾಡಿದ. ಎತ್ತುಗಳು ಹೂವಿನ ಮೇಲೆ ನಡೆದಂತೆ ಹಿಂದಕ್ಕೆ ಬಂದವು. ಮುದುಕರೆಲ್ಲ ಚಪ್ಪಾಳೆ ತಟ್ಟಿದರು.

"ಇವಕ್ಕೆ ನಾನೇ ಆಗಬೇಕು ನೋಡಿ" ಎಂದ ರೈತ. ಅವನಿಗೆ ಒಳಗೊಳಗೇ ಹಿಗ್ಗು.

ಅಂದಿನಿಂದ ಅದೇ ರೂಢಿಯಾಯಿತು. ದಿನವೂ ಅವನು ಬರಬೇಕು, ಹಾಡಬೇಕು, ಆಗ ನೀರು. ಅವನು ತಡವಾಗಿ ಬಂದರೆ ತರಕಾರಿಯ ಮಡಿಗಳೂ ಕಾಯುತ್ತಿದ್ದವು. ಬರಬರುತ್ತಾ ನೀರು ಯಾವ ಮಡಿಗೆ ಎಂಬುದನ್ನೂ ಅವನೇ ಹೇಳತೊಡಗಿದ. ಸಿಸ್ಟರು ಸೊಪ್ಪಿಗೆ ಎಂದರೆ ಅವನು ಬದನೆಗೆ ಬಿಡುತ್ತಿದ್ದ. ಒಮ್ಮೊಮ್ಮೆ, "ಎತ್ತಿಗೆ ಮೈ ಹಿಡ್ಕೊಂಡಿದೆ, ಸ್ವಲ್ಪ ಓಡಾಡಿಸ್ಕೊಂಡು ಬರ್ತೀನಿ" ಎಂದು ತನ್ನ ಹೊಲಕ್ಕೇ ಹೊಡೆದುಕೊಂಡು ಹೋಗುತ್ತಿದ್ದ. ಹೋದಮೇಲೆ ಸುಮ್ಮನೆ ಯಾಕೆಂದು ನೇಗಿಲು ಹೂಡುತ್ತಿದ್ದ.

"ಯಜಮಾನ್ರೇ, ಆ ಹಾಡು ನನಗೂ ಕಲಿಸಿಕೊಡಿ" ಎಂದು ಸಿಸ್ಟರು ಕೇಳಿದರು.

"ಅದು ಕಲಿತರೆ ಬರೋದಲ್ಲ, ಸಿಸ್ಟರಮ್ಮ. ವಂಶದಲ್ಲಿ ಬರಬೇಕು" ಎಂದ ರೈತ.

ಈ ಮಾತು ಅವನ ಹೆಂಡತಿಯ ಕಿವಿಗೂ ಬಿತ್ತು. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಲ್ಲಾ ರೀ, ನೀವು ದೇವರಿಗೆ ಎತ್ತು ಕೊಟ್ರೋ, ಇಲ್ಲಾ ದೇವರ ಹತ್ರ ಮೇಯೋಕೆ ಬಿಟ್ರೋ?"

ರೈತ ಹೆಗಲಿಗೆ ಟವೆಲು ಹಾಕಿಕೊಂಡ. ನೆಂಟರ ಮದುವೆಯಿದೆಯೆಂದು ಹೊರಟೇಹೋದ. ಮದುವೆಯ ಊಟ ಚೆನ್ನಾಗಿತ್ತು. ಇನ್ನೊಂದು ದಿನ ನಿಂತ.

ಅವನು ಹಿಂತಿರುಗಿದಾಗ ಆಶ್ರಮದ ಮುದುಕ ಮುದುಕಿಯರು ಕೆರೆಯಿಂದ ಚೆಂಬಿನಲ್ಲಿ ನೀರು ಹೊತ್ತು ತರುತ್ತಿದ್ದರು. ಕೆರೆಯಲ್ಲಿ ತುಂಬಿದ ಚೆಂಬು ತೋಟಕ್ಕೆ ಬರುವಷ್ಟರಲ್ಲಿ ಅರ್ಧವಾಗುತ್ತಿತ್ತು. ಸೊಪ್ಪಿನ ಮಡಿ ಆಗಲೇ ಬಾಡಿ ಮಲಗಿತ್ತು. ಕೆಂದ ಮೈಲ ನೆರಳಲ್ಲಿ ಕೂತು ಮೆಲುಕು ಹಾಕುತ್ತಿದ್ದವು.

ಒಬ್ಬ ಮುದುಕಿ ಚೆಂಬು ಕೆಳಗಿಟ್ಟು ಅವನನ್ನು ನೋಡಿದಳು. "ಬಂದ್ಯೇನಪ್ಪಾ, ಹಾಡುಗಾರ? ನಿನ್ನ ಎತ್ತುಗಳು ಸುಖವಾಗವೆ. ನಮ್ಮನ್ನ ದುಡಿಸಿಕೊಳ್ತಾ ಅವೆ."

ಎಲ್ಲರೂ ನಕ್ಕರು, ಸಿಸ್ಟರೂ ನಕ್ಕರು. ರೈತನಿಗೆ ಮಾತ್ರ ನಗು ಬರಲಿಲ್ಲ. ಅವನು ಆ ಮುದುಕಿಯ ಕೈಯಿಂದ ಚೆಂಬು ತೆಗೆದುಕೊಂಡ. "ಸಿಸ್ಟರಮ್ಮ, ಬನ್ನಿ. ಹಾಡು ಹೇಳಿಕೊಡ್ತೀನಿ" ಎಂದ.

ಸಿಸ್ಟರಿಗೆ ಪದಗಳು ಬೇಗ ಬಂದವು. ರಾಗ ಬರಲಿಲ್ಲ. ಅವರು ಎತ್ತು ಹೂಡಿ ಹಾಡಿದರು. ಅಪ್ಪನ ರಾಗ ಎಳೆಯಬೇಕಾದಲ್ಲಿ ತುಂಡಾಯಿತು, ಏರಬೇಕಾದಲ್ಲಿ ಇಳಿಯಿತು. ರೈತ ತಡೆಯಲಾರದೆ ದನಿಗೂಡಿಸಿದ. ಎತ್ತುಗಳು ಕೂಡಲೇ ಹಿಂದಕ್ಕೆ ನಡೆದವು. ಮತ್ತೆ ಸಿಸ್ಟರು ಹಾಡಿದರು, ಮತ್ತೆ ಅವನು ತಿದ್ದಿದ. ಎತ್ತುಗಳು ಅವನ ದನಿಗೇ ನಡೆದವು. ಹೀಗೇ ಮಧ್ಯಾಹ್ನವಾಯಿತು. ತನ್ನ ದನಿ ಕೇಳುತ್ತಿರುವಷ್ಟು ಹೊತ್ತು ಇವಕ್ಕೆ ಇನ್ನೊಂದು ದನಿ ಕೇಳುವುದಿಲ್ಲ ಎಂದು ಅವನಿಗೆ ಆಗ ತಿಳಿಯಿತು.

ಅವನು ಎದ್ದು ತೋಟದ ಗೋಡೆಯ ಹಿಂದೆ ಹೋಗಿ ಕೂತ.

ಸಿಸ್ಟರು ಒಬ್ಬರೇ ಹಾಡಿದರು. ಎತ್ತುಗಳು ಅಲ್ಲಾಡಲಿಲ್ಲ. ರಾಗ ಮತ್ತೆ ಅದೇ ಜಾಗದಲ್ಲಿ ತಪ್ಪಿತು. ರೈತನ ಗಂಟಲು ತುರಿಸಿತು. ಒಂದೇ ಒಂದು ಸಾಲು ತಾನು ಎತ್ತಿಕೊಟ್ಟರೆ ಸಾಕು, ಎಲ್ಲ ಸರಿಹೋಗುತ್ತಿತ್ತು. ಅವನು ಹೆಗಲ ಮೇಲಿನ ಟವೆಲು ತೆಗೆದು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡ.

ಗೋಡೆಯ ಆಚೆ ಹಾಡು ನಿಂತಿತು, ಮತ್ತೆ ಶುರುವಾಯಿತು. ಈ ಸಲ ಕೆಂದನ ಹೆಸರು ಬರುವಲ್ಲಿ ಮೈಲನ ಹೆಸರು ಬಂತು. ರೈತ ಟವೆಲನ್ನು ಕಚ್ಚಿ ಹಿಡಿದ. ಅವನ ಕಣ್ಣಲ್ಲಿ ನೀರು ತುಂಬಿತು. ಇಷ್ಟು ವರ್ಷ ಬೆನ್ನ ಹಿಂದೆ ನಿಂತಿದ್ದ ಅಪ್ಪ ಈಗ ಗೋಡೆಯ ಆಚೆಗೆ ಹೋದಂತೆ ಅನಿಸಿತು.

ಬಹಳ ಹೊತ್ತಿನ ಮೇಲೆ ರಾಟೆ ಕಿರ್ ಎಂದಿತು. ಚೀಲ ನೀರಿಗೆ ಬಿದ್ದ ಸದ್ದು ಕೇಳಿತು. ಮುದುಕರು ಹೋ ಎಂದು ಕೂಗಿದರು. ಸಿಸ್ಟರು ಹಾಡು ನಿಲ್ಲಿಸಲಿಲ್ಲ. ರಾಟೆಯೂ ನಿಲ್ಲಲಿಲ್ಲ.

ರೈತ ಇಣುಕಿ ನೋಡಲಿಲ್ಲ. ಎದ್ದು ಮನೆಗೆ ನಡೆದ.

ಹೆಂಡತಿ ಬಾಗಿಲಲ್ಲಿದ್ದಳು. "ಇದೇನ್ರೀ, ಟವೆಲೆಲ್ಲಾ ಒದ್ದೆ? ಎಲ್ಲಿಗೆ ಹೋಗಿದ್ರಿ?"

"ಎತ್ತು ಕೊಟ್ಟು ಬರೋಣ ಅಂತ ಹೋಗಿದ್ದೆ ಕಣೇ" ಎಂದ. ಆಮೇಲೆ ಇಬ್ಬರೂ ಕೂತು ಹೊಟ್ಟೆತುಂಬ ಉಂಡರು.

ಕತೆ ಮುಗಿಯಿತು. ಇನ್ನಾಸಪ್ಪ ಇನ್ನೂ ನಗುತ್ತಿದ್ದ. ಅವನ ಮುಂದೆ ಅವರೆಕಾಳಿನ ರಾಶಿ ಬೆಳೆದಿತ್ತು.

"ಪಾಪ, ಬಾಯಿಗೆ ಟವೆಲು!" ಎಂದ. "ಅಷ್ಟು ಚೆನ್ನಾಗಿ ಹಾಡುವವನು."

ಗುರುಗಳು ಮೊರ ಪಕ್ಕಕ್ಕಿಟ್ಟು ಎದ್ದರು. ತಮ್ಮ ಹೆಗಲ ಮೇಲಿದ್ದ ಟವೆಲು ತೆಗೆದು, ಕೊಡವಿ, ನಾಲ್ಕು ಮಡಿಕೆ ಮಾಡಿ ಅವನ ತೊಡೆಯ ಮೇಲಿಟ್ಟರು.

"ನಾಳೆ ಪ್ರಾರ್ಥನೆಗೆ ಕೂರುವಾಗ ಇದು ಹತ್ತಿರದಲ್ಲಿರಲಿ."