ಕಿರುಚದ ಪಂಪು

ಹೊಳೆದಂಡೆಯ ಆಶ್ರಮಕ್ಕೊಂದು ಧರ್ಮಾಸ್ಪತ್ರೆಯಿತ್ತು. ರೋಗಿಯ ನರಕ್ಕೆ ಗಂಟೆಗೆ ಇಷ್ಟೇ ಎಂದು ಅಳೆದು ಔಷಧಿ ಬಿಡುವ ಪಂಪುಗಳು ಅಲ್ಲಿದ್ದವು. ಎಲ್ಲವೂ ದೊಡ್ಡ ಆಸ್ಪತ್ರೆಗಳಲ್ಲಿ ದುಡಿದು ಸವೆದು ಬಂದವು.

ಅವನ್ನು ರಿಪೇರಿ ಮಾಡುತ್ತಿದ್ದವರು ಪರ್ವತಯ್ಯ. ಕಾವಿ ಉಟ್ಟವರಲ್ಲ, ಆದರೂ ಎಲ್ಲರೂ ಗುರುಗಳೆಂದೇ ಕರೆಯುತ್ತಿದ್ದರು. ಶಿಷ್ಯರು ಇಬ್ಬರು. ಬಸಲಿಂಗ ಬಂದು ಒಂಬತ್ತು ವರ್ಷವಾಗಿತ್ತು. ದಾವಲ್ ಬಂದು ಇನ್ನೂ ಒಂದೂವರೆ ವರ್ಷ.

ಕೆಟ್ಟ ಪಂಪು ಮೇಜಿಗೆ ಬಂದರೆ ಗುರುಗಳು ಮೊದಲು ಅದರಲ್ಲಿ ನೀರು ಹರಿಸಿ ನಳಿಗೆಯನ್ನು ಎರಡು ಬೆರಳಲ್ಲಿ ಹಿಚುಕುತ್ತಿದ್ದರು. ಹರಿವು ಕಟ್ಟಿದರೆ ಪಂಪು ಕಿರುಚಬೇಕು. ಕಿರುಚಿತೆಂದರೆ ಅವರ ಮುಖ ಅರಳುತ್ತಿತ್ತು.

“ಅಲಾರಂ ಚಲೋ ಐತಿ. ಇನ್ನ ಬಿಚ್ಚಿ ನೋಡೂಣು.”

ರಿಪೇರಿ ಮುಗಿದ ಮೇಲೂ ಹಿಚುಕುತ್ತಿದ್ದರು. ದಾವಲ್ ಮಾಡಿದ್ದನ್ನು ಒಂದು ಸಲ, ಬಸಲಿಂಗ ಮಾಡಿದ್ದನ್ನು ಮೂರು ಸಲ. ಬಸಲಿಂಗನಿಗೆ ಹೊಟ್ಟೆ ಉರಿಯುತ್ತಿತ್ತು. ದಾವಲ್ ಎದುರು ಕೂತರೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಕೇಳಿಯೇಬಿಟ್ಟ. “ಗುರುಗಳ, ನನ್ನ ಮ್ಯಾಲೆ ನಂಬಿಕಿ ಇಲ್ಲೇನ್ರಿ?”

“ಪಂಪು ಕೆಟ್ಟರ ಹೆದರಬ್ಯಾಡ. ಕೆಟ್ಟೂ ಸುಮ್ಮನ ಕುಂತಿರತೈತಲ್ಲ, ಅದಕ್ಕ ಹೆದರು.”

ನಾನು ಕೇಳಿದ್ದೇನು, ಇವರು ಹೇಳುವುದೇನು ಎಂದು ಬಸಲಿಂಗ ಮುಖ ಊದಿಸಿಕೊಂಡ.

ಮರುದಿನ ಮಧ್ಯಾಹ್ನ ದಾವಲ್ ಊಟಕ್ಕೆ ಹೋದಾಗ, ಬಸಲಿಂಗ ಅವನು ಮುಗಿಸಿಟ್ಟ ಪಂಪಿನ ಮುಚ್ಚಳ ಬಿಚ್ಚಿ, ಅಲಾರಂ ತಂತಿ ಕಿತ್ತು, ಮೊದಲಿನಂತೆ ಮುಚ್ಚಿಟ್ಟ. ಸಂಜೆ ಗುರುಗಳು ಹಿಚುಕುತ್ತಾರೆ, ಪಂಪು ತುಟಿ ಪಿಟಕ್ಕೆನ್ನುವುದಿಲ್ಲ, ದಾವಲ್‌ನ ಮುಖ ಸಪ್ಪಗಾಗುತ್ತದೆ. ಬಸಲಿಂಗನಿಗೆ ಬೇಕಾಗಿದ್ದದ್ದು ಅಷ್ಟೇ.

ಸಂಜೆ ಗುರುಗಳು ಮೇಜಿನ ಹತ್ತಿರ ಬರಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಎದೆ ಹಿಡಿದು ಕುಸಿದಿದ್ದರು.

ಬಸಲಿಂಗ ವಾರ್ಡಿಗೆ ಓಡಿ ಬರುವಷ್ಟರಲ್ಲಿ ನರ್ಸ್ ಸರೋಜಕ್ಕ ಅವರ ಕೈಗೆ ನಳಿಗೆ ಹಚ್ಚಿಯಾಗಿತ್ತು. ದಿಂಬಿನ ಪಕ್ಕದಲ್ಲಿ, ರಿಪೇರಿ ಮೇಜಿನಿಂದ ತಂದ ಅದೇ ಪಂಪು.

“ದಾವಲ್ ಮಾಡಿದ್ದು ಗುರುಗಳ. ಹಿಚುಕಿ ನೋಡ್ತೀರೇನ್ರಿ?” ಎಂದರು ಸರೋಜಕ್ಕ.

“ಬ್ಯಾಡ. ಅಂವ ಮಾಡ್ಯಾನಂದ್ರ ಮುಗೀತು.”

ಆ ಮಾತು ಬಸಲಿಂಗನಿಗೆ ಚುಚ್ಚಿತು. ಅಂಥ ಹೊತ್ತಿನಲ್ಲೂ ಮೊದಲು ಬಂದದ್ದು ಹೊಟ್ಟೆಕಿಚ್ಚು, ಭಯ ಆಮೇಲೆ. ನಳಿಗೆ ಎಲ್ಲಾದರೂ ಮಡಚಿಕೊಂಡರೆ ಔಷಧಿ ನಿಲ್ಲುತ್ತದೆ. ಪಂಪು ಸುಮ್ಮನಿರುತ್ತದೆ. ಗುರುಗಳು ಹೋದರೆ ಹೆಸರು ಕೆಡುವುದು ದಾವಲ್‌ನದು.

ಸರೋಜಕ್ಕ ಪಂಪು ಶುರುಮಾಡುವ ಗುಂಡಿಯ ಮೇಲೆ ಬೆರಳಿಟ್ಟರು.

“ಒತ್ತಬ್ಯಾಡ್ರಿ ಅಕ್ಕಾರ,” ಎಂದ ಬಸಲಿಂಗ. ದನಿ ಅವನದೇ ಅನಿಸಲಿಲ್ಲ. “ಅದರ ಅಲಾರಂ ತಂತಿ ನಾನ ಕಿತ್ತೀನಿ. ದಾವಲ್‌ನ ಮ್ಯಾಲಿನ ಹೊಟ್ಟಿಕಿಚ್ಚಿಗೆ ಕಿತ್ತೀನಿ.”

ಬಾಗಿಲಲ್ಲಿ ನಿಂತಿದ್ದ ದಾವಲ್ ಓಡಿಹೋಗಿ ಇನ್ನೊಂದು ಪಂಪು ತಂದ. ಅದು ಬಸಲಿಂಗ ರಿಪೇರಿ ಮಾಡಿದ್ದು. ಸರೋಜಕ್ಕ ಅದನ್ನೇ ಹಚ್ಚಿದರು. ಔಷಧಿ ಹನಿಯತೊಡಗಿತು.

ಸ್ವಲ್ಪ ಹೊತ್ತಿಗೆ ಗುರುಗಳ ಉಸಿರು ಹದಕ್ಕೆ ಬಂತು. ಬಸಲಿಂಗ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

“ನನ್ನ ಕಳಿಸಿಬಿಡ್ರಿ ಗುರುಗಳ. ನಾ ಕೆಟ್ಟೀನಿ.”

ಗುರುಗಳು ಸೂಜಿಯಿಲ್ಲದ ಕೈಯನ್ನು ಚಾಚಿ, ಎರಡು ಬೆರಳಲ್ಲಿ ಅವನ ಮುಂಗೈ ಹಿಚುಕಿದರು.

“ಅಲಾರಂ ಚಲೋ ಐತಿ. ಇನ್ನ ಬಿಚ್ಚಿ ನೋಡೂಣು.”