ನಡುವೆ ನಿಂತವನ ಮೂರು ಉತ್ತರ

"ಕೇಳ್ರಪ್ಪೋ ಕೇಳಿ! ಅಮ್ಮಣ್ಣಿಯವರ ಆಟದ ರೈಲನ್ನು ಕಂಪ್ಯೂಟರಿಗೆ ಜೋಡಿಸೋ ಮೂರು ಒಗಟು ಬಿಡಿಸಿದವನು ಅವರ ಕೈ ಹಿಡಿಯಬಹುದು, ಇಲ್ಲವೇ ಬೇಡಿದ್ದನ್ನು ಪಡೆಯಬಹುದು! ತಪ್ಪು ಹೇಳಿದವನ ತಲೆ ಸಂಜೆಯೊಳಗೆ ಹೋಗುತ್ತೆ!"

ರಾಜರ ಕಾಲದಲ್ಲಿ ಕಂಪ್ಯೂಟರ್ ಎಲ್ಲಿತ್ತು ಅಂತ ನನ್ನನ್ನು ಕೇಳಬೇಡಿ. ಕಲ್ಲೂರುಗಿರಿಯ ಅರಮನೆಯಲ್ಲಿ ಇತ್ತು, ಅಷ್ಟೇ.

ಈ ಡಂಗುರದಲ್ಲಿ ಒಗಟು ಮಗಳದು, ತಲೆ ತೆಗೆಯೋದು ಅಪ್ಪನದು. ದೊರೆ ಭೈರರಸ ಒಂದು ದಿನ, "ಆ ರೈಲಾಟ ಬಿಟ್ಟು ಮದುವೆಯಾಗು" ಅಂದ. "ಇದನ್ನು ಓಡಿಸೋಕೆ ನಾನು ಪಟ್ಟ ಪಾಡು ಅರ್ಥವಾದವನನ್ನು ಆಗ್ತೀನಿ" ಅಂದಳು ಮಗಳು ಪುಟ್ಟಾಜಮ್ಮಣ್ಣಿ. "ಹಾಗಾದರೆ ಅರ್ಥವಾಗದೆ ಬಾಯಿಬಿಟ್ಟವನ ತಲೆ ತೆಗೆಸ್ತೀನಿ" ಅಂದ ಅಪ್ಪ. ಮಾತು ಅಲ್ಲಿಗೆ ನಿಂತಿತು. ದಿನಾ ಊಟವಾದ ಮೇಲೆ ಅಪ್ಪನಿಗೆ ವೀಳ್ಯ ಮಡಿಸಿಕೊಡುತ್ತಿದ್ದವಳು ಅದನ್ನೂ ನಿಲ್ಲಿಸಿದಳು. ದೊಡ್ಡ ಹಜಾರದ ಈ ತುದಿಯಲ್ಲಿ ಸಿಂಹಾಸನ, ಆ ತುದಿಯಲ್ಲಿ ಅವಳ ಮೇಜು, ನಡುವೆ ಉದ್ದಕ್ಕೂ ಆಟದ ಹಳಿ. ಅಪ್ಪ ಮಗಳ ನಡುವೆ ಮಾತು ಹೊತ್ತು ಓಡಾಡೋಕೆ ತಿಪ್ಪೇಶಿ ಅನ್ನೋ ಆಳು.

ಮಾತು ಹೊರುವವನು ಕೂರಬಾರದು ಅಂತ ಆ ಅರಮನೆಯ ಪದ್ಧತಿ. ಕೂತರೆ ಮಾತು ತಣ್ಣಗಾಗುತ್ತಂತೆ, ಯಾರು ಕಂಡರೋ ಏನೋ! ತಿಪ್ಪೇಶಿಯ ಮೊಣಕಾಲು ಊದಿಕೊಂಡಿತ್ತು. ಗೋಡೆಗೆ ಒರಗಿ ನಿಂತಲ್ಲೇ ತೂಕಡಿಸೋದನ್ನು ಕಲಿತಿದ್ದ. ಆದರೆ "ಯಾರಲ್ಲಿ!" ಅಂತ ದೊರೆ ಕೂಗಿದರೆ ಆಳುಗಳೆಲ್ಲ ಒಟ್ಟಿಗೆ ಓಡಿ ಬಾಗಿಲಲ್ಲಿ ಡಿಕ್ಕಿ ಹೊಡೆಯೋರು, ಅವರ ಜೊತೆ ಇವನೂ.

ಡಂಗುರ ಸಾರಿದ ಮೇಲೆ ಪಕ್ಕದ ರಾಜ್ಯದ ಯುವರಾಜ ಬಂದ. ಅಮ್ಮಣ್ಣಿ ಮೊದಲ ಒಗಟು ಕೇಳಿದಳು. "ಎರಡೂರಿನ ನಡುವೆ ಇರ್ತಾನೆ. ಎರಡೂ ಕಡೆಯ ಮಾತು ಬಲ್ಲ, ತನ್ನದು ಅಂತ ಒಂದು ಮಾತೂ ಇಲ್ಲ. ಯಾರು?"

"ಗಡಿಕಲ್ಲು" ಅಂದ ಯುವರಾಜ. ಕಲ್ಲು ಯಾವ ಮಾತು ಬಲ್ಲುದು, ಪಾಪ!

ಅವನ ಹಿಂದೆ ಮುತ್ತಿನ ವ್ಯಾಪಾರಿಯ ಮಗ ಬಂದ. ಬಹಳ ಹೊತ್ತು ಗಡ್ಡ ನೀವಿಕೊಂಡು, "ಚಾಡಿಕೋರ" ಅಂದ. ಅಮ್ಮಣ್ಣಿ ಅಲ್ಲ ಅಂತ ತಲೆಯಾಡಿಸಿದಳು. ಚಾಡಿಕೋರ ತನ್ನದೂ ನಾಲ್ಕು ಮಾತು ಸೇರಿಸುತ್ತಾನಲ್ಲ.

"ತಿಪ್ಪೇಶಿ, ಕತ್ತಿ ಮಸೆಯೋಕೆ ತಳವಾರನಿಗೆ ಹೇಳಿ ಬಾ" ಅಂದ ದೊರೆ.

ತಿಪ್ಪೇಶಿ ಬಾಗಿಲತನಕ ಹೋದ. ಕಂಬದ ಹತ್ತಿರ ಆ ಇಬ್ಬರು ಹುಡುಗರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಿಂತಿದ್ದರು. ತಿಪ್ಪೇಶಿ ಇದುವರೆಗೆ ಬೈಗುಳ ಹೊತ್ತಿದ್ದ, ಹಟ ಹೊತ್ತಿದ್ದ, ಸಾರಿಗೆ ಉಪ್ಪು ಕಮ್ಮಿ ಅನ್ನೋದನ್ನೂ ಹೊತ್ತಿದ್ದ. ಸಾವಿನ ಮಾತು ಹೊರೋಕೆ ಅವನಿಗೆ ಆಗಲಿಲ್ಲ. ವಾಪಸು ಬಂದ.

"ನನ್ನ ಕೈಲಾಗಲ್ಲ ಬುದ್ಧಿ. ಸಾಕಾಗಿಹೋಗಿದೆ."

"ನಿನ್ನ ತಲೆಯೂ ಸೇರಲೇನೋ?"

"ಸೇರಲಿ ಬುದ್ಧಿ. ಅದಕ್ಕೆ ಮುಂಚೆ ಒಗಟಿಗೆ ಉತ್ತರ ಹೇಳಿಬಿಡ್ತೀನಿ. ಸರಿಯಾದರೆ ಈ ಇಬ್ಬರನ್ನೂ ಬಿಟ್ಟುಬಿಡಿ."

ದೊರೆ ನಕ್ಕು ಆಗಲಿ ಅಂದ. ತಿಪ್ಪೇಶಿ ಕಾಲೆಳೆದುಕೊಂಡು ಮಗಳ ತುದಿಗೆ ನಡೆದ.

"ಮೊದಲನೇದು ನಾನೇ ಅಮ್ಮಣ್ಣಿ" ಅಂದ. "ನಿಮ್ಮ ಮೇಜಿನ ಮೇಲೆ ಅಂಥದ್ದು ಅಂದರೆ ಆ ಕಪ್ಪು ಪೆಟ್ಟಿಗೆ. ಒಂದು ವೈರು ಕಂಪ್ಯೂಟರಿಗೆ, ಇನ್ನೊಂದು ಹಳಿಗೆ. ತನ್ನದು ಅಂತ ಅದಕ್ಕೂ ಒಂದು ಮಾತಿಲ್ಲ, ಪಾಪ."

ಅಮ್ಮಣ್ಣಿ ಅವನನ್ನು ಮೊದಲ ಸಲ ಸರಿಯಾಗಿ ನೋಡಿದಳು. "ಎರಡನೇದು ಕೇಳು. ವೈರು ಗಟ್ಟಿಯಾಗಿದೆ, ಇಬ್ಬರ ಭಾಷೆಯೂ ಒಂದೇ. ಆದರೂ ಒಬ್ಬನ ಮಾತು ಇನ್ನೊಬ್ಬನಿಗೆ ಬರೀ ಗೊಜಗೊಜ. ಯಾಕೆ?"

"ನೀವು ಪಟಪಟ ಅಂತೀರಿ. ದೊರೆಗಳು ಎಲೆಅಡಿಕೆ ಅಗೀತಾ ಒಂದೊಂದೇ ಮಾತು ಆಡ್ತಾರೆ. ನಿಮ್ಮ ವೇಗದಲ್ಲೇ ಹೋಗಿ ಹೇಳಿದರೆ 'ಏನಂದೆ, ಏನಂದೆ' ಅಂತ ನನಗೇ ಬೈತಾರೆ. ಪೆಟ್ಟಿಗೆಯ ವೇಗ, ಕಂಪ್ಯೂಟರಿನ ವೇಗ ಎರಡನ್ನೂ ಒಂದು ಮಾಡಬೇಕು."

"ಅಷ್ಟು ಹೊಳೆಯೋಕೆ ನನಗೆ ಒಂದಿಡೀ ಬೇಸಿಗೆ ಹಿಡೀತು ಕಣೋ" ಅಂದಳು ಅಮ್ಮಣ್ಣಿ. ಅವಳ ದನಿಯಲ್ಲೂ ದಣಿವಿತ್ತು. "ಕೊನೇದು. ಒಂದೇ ಹಳಿಯ ಮೇಲೆ ಎಂಜಿನುಗಳು ಸಾಲಾಗಿ ನಿಂತಿವೆ. ಅಪ್ಪಣೆ ಎಲ್ಲಕ್ಕೂ ಕೇಳಿಸುತ್ತೆ. ಹೊರಡೋದು ಒಂದೇ. ಹೇಗೆ?"

ತಿಪ್ಪೇಶಿಗೆ ಅಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ತಪ್ಪಿದರೆ ಮೂರು ತಲೆ. ಹುಡುಗರ ಕಡೆ ಒಮ್ಮೆ ನೋಡಿದ. ಬಾಗಿಲಲ್ಲಿ ತಿಂದ ಡಿಕ್ಕಿ ನೆನಪಾಗಿ ಹಣೆ ಮುಟ್ಟಿಕೊಂಡ.

"ಯಾರಲ್ಲಿ ಅಂದರೆ ಎಲ್ಲರೂ ಓಡ್ತೀವಿ. ತಿಪ್ಪೇಶಿ ಅಂದರೆ ನಾನೊಬ್ಬನೇ ಓಡ್ತೀನಿ. ಒಂದೊಂದು ಎಂಜಿನ್ನಿಗೂ ಒಂದೊಂದು ನಂಬರು ಇರಬೇಕು. ಮೊದಲು ನಂಬರು ಕೂಗಿ, ಆಮೇಲೆ ಕೆಲಸ ಹೇಳಬೇಕು."

ಅಮ್ಮಣ್ಣಿ ವೈರು ಸಿಕ್ಕಿಸಿದಳು, ಎರಡೂ ಕಡೆ ವೇಗ ಒಂದು ಮಾಡಿದಳು. ಆಮೇಲೆ ಎಲೆಅಡಿಕೆ ತಟ್ಟೆ ಎಳೆದುಕೊಂಡು, ಎಲೆಗೆ ಸುಣ್ಣ ಸವರಿ, ವೀಳ್ಯ ಮಡಿಸಿ ರೈಲಿನ ಡಬ್ಬಿಯಲ್ಲಿಟ್ಟಳು. ನಂಬರು ಒತ್ತಿದಳು. ಸಾಲಿನಲ್ಲಿದ್ದ ಒಂದೇ ಒಂದು ಎಂಜಿನ್ ಎದ್ದು, ಡಬ್ಬಿ ಎಳೆದುಕೊಂಡು ಹಜಾರದ ಉದ್ದಕ್ಕೂ ಹೊರಟಿತು. ಸಿಂಹಾಸನದ ಬುಡದಲ್ಲಿ ನಿಂತಿತು.

ದೊರೆ ಬಗ್ಗಿ ವೀಳ್ಯ ಎತ್ತಿಕೊಂಡ. ಬಾಯಿಗೆ ಹಾಕಿಕೊಂಡು ಅಗಿದ. ಕಣ್ಣಲ್ಲಿ ನೀರು ಬಂತು. ಮೇಲುವಸ್ತ್ರದಿಂದ ಒರೆಸಿಕೊಂಡು ಆ ಹುಡುಗರಿಗೆ "ಹೋಗ್ರಪ್ಪ, ಮನೆಗೆ ಹೋಗಿ" ಅಂದ. ಇಬ್ಬರೂ ಎದ್ದೆವೋ ಬಿದ್ದೆವೋ ಅಂತ ಓಡಿದರು.

"ಏನು ಬೇಕೋ ತಿಪ್ಪೇಶಿ?" ಅಂತ ಅಮ್ಮಣ್ಣಿ ಕೇಳಿದಳು. "ಮದುವೆಯ ಮಾತೂ ಇದೆ, ಮರೀಬೇಡ."

"ಮದುವೆ ಬೇಡ ತಾಯಿ. ಸ್ವಲ್ಪ ಕೂತ್ಕೋಬೇಕು."

ಅಷ್ಟರಲ್ಲಿ ಆ ತುದಿಯಿಂದ ದೊರೆಯ ಗಂಟಲು ಕೇಳಿಸಿತು. "ಸುಣ್ಣ ಸ್ವಲ್ಪ ಜಾಸ್ತಿಯಾಯ್ತು ಕೂಸೇ!"

ತಿಪ್ಪೇಶಿ ಅಭ್ಯಾಸಬಲದಿಂದ ಗೋಡೆ ಹಿಡಿದು ನೆಟ್ಟಗಾದ. "ಅಮ್ಮಣ್ಣಿ, ದೊರೆಗಳು ಹೇಳ್ತಾರೆ, ಸುಣ್ಣ..."

"ಕೇಳಿಸ್ತು ಕಣೋ" ಅಂದಳು ಅವಳು. ತನ್ನ ಕುರ್ಚಿಯನ್ನೇ ಅವನ ಕಡೆ ಎಳೆದು, ಅಪ್ಪನ ಹತ್ತಿರ ನಡೆದುಕೊಂಡು ಹೋದಳು.

ತಿಪ್ಪೇಶಿ ಕೂತ. ಅಪ್ಪ ಮಗಳು ಅವತ್ತು ಏನೇನು ಮಾತಾಡಿಕೊಂಡರು ಅಂತ ನನಗೂ ಗೊತ್ತಿಲ್ಲ. ಕೇಳಿಸಿಕೊಂಡು ಬಂದು ಹೇಳಬೇಕಾದವನು ಗೊರಕೆ ಹೊಡೆಯುತ್ತಿದ್ದ.